ಎರಡು ಮುತ್ತರಾಯನಪಾಳ್ಯ

ನವೆಂಬರ್ 24, 2025, ಸೋಮವಾರ

ಊರುಗಳ ಪಟ್ಟಿಯನ್ನು ಮತ್ತೆ ಮೊದಲಿನಿಂದ ಮಾಡಬೇಕಂತೆ. ಜಯಸಿಂಹ ಸರ್ ಬೆಳಿಗ್ಗೆಯೇ ಒಳಗೆ ಕರೆದು ಹೇಳಿದರು. ಪಾಲಿಕೆ ಒಂದಿದ್ದದ್ದು ಐದಾಗಿದೆ, ವಾರ್ಡುಗಳ ಗಡಿಯೆಲ್ಲ ಬದಲಾಗಿದೆ. ಜನಗಣತಿಯ ಅಂಕಿಗಳು ಮಾತ್ರ ಇನ್ನೂ ಹಳೆಯ ಊರುಗಳ, ಹಳೆಯ ವಾರ್ಡುಗಳ ಹೆಸರಿನಲ್ಲಿಯೇ ಇವೆ. ಯಾವ ಊರಿನ ಎಷ್ಟು ಜನ ಈಗ ಯಾವ ವಾರ್ಡಿಗೆ ಬಂದರು ಎಂದು ಸಾಲು ಸಾಲಾಗಿ ಹೊಂದಿಸಬೇಕು. ನಮ್ಮ ಸಂಸ್ಥೆಗೆ ಈ ಕೆಲಸ ಕೊಟ್ಟಿರುವ ಟ್ರಸ್ಟ್‌ನವರು ಪಟ್ಟಿಯನ್ನು ನೋಡಿ ಮುಂದಿನ ಕ್ಲಿನಿಕ್‌ಗಳಿಗೆ ಜಾಗ ಗೊತ್ತು ಮಾಡುತ್ತಾರೆ.

"ಉತ್ತರದ ಭಾಗ ಪೂರ್ತಿ ನೀವೇ ನೋಡ್ಕೊಳ್ಳಿ ಚಿತ್ರಾ. ಜನವರಿಗೆ ಕೊಡಬೇಕು," ಎಂದರು.

"ಜೊತೆಗೆ ಯಾರು ಸರ್?"

"ಯಾರಿದ್ದಾರೆ?"

ನಿಜ, ಯಾರಿದ್ದಾರೆ. ಹೋದ ಸಲ ಇಬ್ಬರಿದ್ದೆವು, ನಾನು ಮತ್ತು ರುಖ್ಸಾರ್. ಒಂಬತ್ತು ವರ್ಷ ಪಕ್ಕಪಕ್ಕದ ಮೇಜು. ಅವಳು ಕೆಲಸ ಬಿಟ್ಟು ಎರಡು ವರ್ಷವಾಯಿತು. ಅವಳ ಪಟ್ಟಿಯಲ್ಲಿ ಒಂದು ತಪ್ಪಿತ್ತು. ಅದನ್ನು ನಂಬಿ ಟ್ರಸ್ಟ್‌ನವರು ಒಂದು ಊರಿನ ಕ್ಲಿನಿಕ್ಕನ್ನು ಇನ್ನೊಂದು ಊರಿನಲ್ಲಿ ಕಟ್ಟಿಬಿಟ್ಟರು. ಸಭೆಯಲ್ಲಿ ಜಯಸಿಂಹ ಸರ್ ಎಲ್ಲರೆದುರು ಅವಳನ್ನು ಕೇಳಿದರು. ಎರಡು ವಾರದಲ್ಲಿ ರಾಜೀನಾಮೆ ಕೊಟ್ಟು ಹೋದಳು. ನಾನೇನು ಮಾಡಬಹುದಿತ್ತು?

ಮಧ್ಯಾಹ್ನ ಡಬ್ಬಿಯನ್ನು ಮೇಜಿನ ಮೇಲೇ ತೆರೆದು ತಿಂದೆ. ಕಿಟಕಿಯಿಂದ ಹೆಬ್ಬಾಳದ ಮೇಲ್ಸೇತುವೆ ಕಾಣುತ್ತದೆ. ನಾನು ಊಟ ಶುರುಮಾಡಿದಾಗ ಇದ್ದ ಕೆಂಪು ಲಾರಿ ಊಟ ಮುಗಿದಾಗಲೂ ಅಲ್ಲೇ ಇತ್ತು.

ನವೆಂಬರ್ 27, ಗುರುವಾರ

ಅರವತ್ತೆರಡು ಊರು ಮುಗಿದವು. ಇವತ್ತು ಬಾಯಿಬಿಟ್ಟು ಮಾತಾಡಿದ್ದು ಎರಡು ಸಲ. ಕಂಡಕ್ಟರಿಗೆ "ಯಲಹಂಕ" ಎಂದದ್ದು ಒಂದು. ಕೆಳಮನೆಯ ಒಡತಿ ಸುಬ್ಬಲಕ್ಷ್ಮಮ್ಮ ಗೇಟಿನ ಹತ್ತಿರ "ಊಟ ಆಯ್ತೇನ್ರೀ?" ಎಂದಾಗ "ಆಯ್ತು" ಎಂದದ್ದು ಇನ್ನೊಂದು. ಊಟ ಆಗಿರಲಿಲ್ಲ. ಆಗಿಲ್ಲ ಎಂದರೆ ಅವರು ಒಳಗೆ ಕರೆದಾರು ಎಂದು ಹಾಗೆ ಹೇಳಿದೆ.

ನವೆಂಬರ್ 29, ಶನಿವಾರ

ಆ ಊರು ಸಿಕ್ಕಿತು. ಮುತ್ತರಾಯನಪಾಳ್ಯ.

ಈ ಹೆಸರಿನ ಊರುಗಳು ಎರಡಿವೆ. ಒಂದು ಜಾಲ ಹೋಬಳಿಯಲ್ಲಿ, ಬಾಗಲೂರಿನ ಆಚೆ. ಇನ್ನೊಂದು ಯಶವಂತಪುರ ಹೋಬಳಿಯಲ್ಲಿ, ಶೆಟ್ಟಿಹಳ್ಳಿಗೂ ಚಿಕ್ಕಬಾಣಾವರಕ್ಕೂ ನಡುವೆ. ಹಿಂದಿನ ಪಟ್ಟಿಯಲ್ಲಿ ಎರಡೂ ಊರಿನ ಜನರನ್ನು ಕೂಡಿಸಿ ಬಾಗಲೂರಿನ ಕಡೆಯ ಪಾಳ್ಯಕ್ಕೆ ಹಾಕಲಾಗಿದೆ. ಶೆಟ್ಟಿಹಳ್ಳಿ ಕಡೆಯ ಪಾಳ್ಯದ ಮುಂದೆ ಸೊನ್ನೆ ಇದೆ. ಜನರೇ ಇಲ್ಲದ ಊರಿಗೆ ಯಾರು ಕ್ಲಿನಿಕ್ ಕೊಡುತ್ತಾರೆ?

ಇಷ್ಟು ದೊಡ್ಡ ತಪ್ಪನ್ನು ಅವಳು ಹೇಗೆ ಮಾಡಿದಳೋ. ಊರನ್ನು ಹೆಸರು ನೋಡಿ ಹೊಂದಿಸಬಾರದು, ಹೋಬಳಿ ನೋಡಿ ಹೊಂದಿಸಬೇಕು ಎಂದು ನನಗೆ ಹೇಳಿಕೊಟ್ಟವಳೇ ಅವಳು.

ಈಗ ಆ ಪಾಳ್ಯದ ಅರ್ಧ ಪುರಸಭೆಗೆ ಸೇರಿದೆ, ಅರ್ಧ ಪಾಲಿಕೆಗೆ. ಗಡಿಗೆರೆ ಎಲ್ಲಿ ಹಾಯುತ್ತದೆ ಎಂದು ಯಾವ ನಕ್ಷೆಯಲ್ಲೂ ಸರಿಯಾಗಿ ಇಲ್ಲ. ಹೋಗಿ ನೋಡಬೇಕು.

ಡಿಸೆಂಬರ್ 3, ಬುಧವಾರ

ಶೆಟ್ಟಿಹಳ್ಳಿಯಲ್ಲಿ ಬಸ್ಸಿಳಿದು ಆಟೋ ಹಿಡಿದೆ. ಪಾಳ್ಯ ಎಂದರೆ ಡ್ರೈವರಿಗೆ ಗೊತ್ತಾಗಲಿಲ್ಲ. ಅಲ್ಲಿರುವ ದೊಡ್ಡ ಅಪಾರ್ಟ್‌ಮೆಂಟಿನ ಹೆಸರು ಹೇಳಿದ ಮೇಲೆ ಗೊತ್ತಾಯಿತು.

ಅಪಾರ್ಟ್‌ಮೆಂಟಿನ ಹಿಂದೆ ಊರು ಇದ್ದೇ ಇದೆ. ಶೀಟಿನ ಮನೆಗಳು, ಮೂರಂತಸ್ತಿನ ಬಾಡಿಗೆ ಮನೆಗಳು, ಒಂದು ಮುನೇಶ್ವರನ ಗುಡಿ, ಗುಡಿಯ ಕಟ್ಟೆ. ಕಟ್ಟೆಯ ಮೇಲೆ ಕೂತಿದ್ದವರು ಮುನಿವೆಂಕಟಯ್ಯ. ಎಪ್ಪತ್ತೆಂಟು ವರ್ಷವಂತೆ. ಹಿಂದೆ ಊರಿನ ನೀರಗಂಟಿಯಾಗಿದ್ದರು. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವ ಕೆಲಸ.

"ಯಾವ್ ಆಪೀಸಮ್ಮ ನಿಂದು?"

"ಸರ್ಕಾರದ್ದಲ್ಲ ತಾತ. ಊರಿನ ಎಲ್ಲೆ ಎಲ್ಲಿದೆ ಅಂತ ನೋಡೋಕೆ ಬಂದೆ."

"ನೋಡಕ್ಕೇನೈತೆ. ನೀರು ಎಲ್ಲಿಗಂಟ ಓಗ್ತಿತ್ತೋ ಅಲ್ಲಿಗಂಟ ನಮ್ಮೂರು. ಬಾ, ತೋರುಸ್ತೀನಿ."

ಕೋಲೂರಿಕೊಂಡು ಮುಂದೆ ನಡೆದರು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲುಗಾರ ಒಳಗೆ ಬಿಡಲಿಲ್ಲ. ಕಂಬಿಗಳ ನಡುವಿನಿಂದ ಕೋಲು ಚಾಚಿ ತೋರಿಸಿದರು. "ಆ ನೀಲಿ ಕಾರು ನಿಂತೈತಲ್ಲ, ಅದರ ಅಡೀಲಿ ಇತ್ತು ಎಲ್ಲೆಕಲ್ಲು. ನನ್ ಕಣ್ಮುಂದೇನೇ ಸಿಮೆಂಟ್ ಉಯ್ದ್ರು."

ಬಿಸಿಲು ಜಾಸ್ತಿಯಾಗಿ ಅವರ ಮನೆಯ ಜಗುಲಿಯಲ್ಲಿ ಕೂತೆ. ಸೊಸೆ ಧನಲಕ್ಷ್ಮಿ ಮಜ್ಜಿಗೆ ತಂದಳು. ಏಳು ತಿಂಗಳ ಬಸುರಿ. ಎರಡು ವರ್ಷದ ಮಗಳು ಸೆರಗು ಹಿಡಿದು ನಿಂತಿದ್ದಳು.

"ಆಸ್ಪತ್ರೆ ಕಟ್ತೀವಿ ಅಂತ ಯಾರೋ ಬಂದು ಜಾಗ ಅಳ್ಕೊಂಡೋಗಿದ್ರು ಮೇಡಂ, ನಾಕ್ ವರ್ಸ ಆಗ್ತಾ ಬಂತು. ನೀವು ಅವ್ರ ಕಡೆಯವ್ರಾ?"

"ಅಲ್ಲ," ಎಂದೆ.

"ಮತ್ತೆ ಬರ್ಲೇ ಇಲ್ಲ ಅವ್ರು. ಇವ್ಳು ಆಟೋದಾಗೇ ಉಟ್ಟಿದ್ದು. ರೈಲ್ವೆ ಗೇಟ್ ಆಕ್ಬಿಟ್ಟಿದ್ರು, ಎರಡು ಗಾಡಿ ಓಗಗಂಟ. ಆಟೋದವನು ಇಳಿದು ಆ ಕಡೆ ತಿರುಗಿ ನಿಂತ್ಕೊಂಡ, ಪಾಪ."

ನಗುತ್ತಲೇ ಹೇಳಿದಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. ಕ್ಲಿನಿಕ್ ಆ ಊರಿಗೇ ಬಂದಿದ್ದರೆ ಆ ಮಗು ಹುಟ್ಟುವ ಹೊತ್ತಿಗೆ ಅದು ತೆರೆದು ಆರು ತಿಂಗಳಾಗಿರುತ್ತಿತ್ತು.

ಡಿಸೆಂಬರ್ 4, ಗುರುವಾರ

ಹಳೆಯ ತಪ್ಪು ಎಲ್ಲಿ ಶುರುವಾಯಿತು ಎಂದು ನೋಡಬೇಕೆನಿಸಿದೆ. ಬೀರುವಿನಲ್ಲಿ ಹಳೆಯ ಹಾರ್ಡ್ ಡಿಸ್ಕ್‌ಗಳಿವೆ. ಅವಳು ಯಾವ ದಿನ, ಯಾವ ಸಾಲಿನಲ್ಲಿ ಎಡವಿದಳು ಎಂದು ಗೊತ್ತಾದರೆ ಹೊಸದರಲ್ಲಿ ಎಚ್ಚರದಿಂದಿರಬಹುದು.

ಡಿಸೆಂಬರ್ 9, ಮಂಗಳವಾರ

2022ರ ಮಾರ್ಚ್ ತಿಂಗಳ ಕಡತ ಸಿಕ್ಕಿತು. ಮುತ್ತರಾಯನಪಾಳ್ಯದ ಸಾಲಿನ ಮುಂದೆ ಷರಾ ಇದೆ.

"ಎರಡೂ ಒಂದೇ ಊರು. ಕೂಡಿಸಿದೆ. ಚಿ."

ಚಿ ಎಂದು ಷರಾ ಹಾಕುತ್ತಿದ್ದವಳು ನಾನು.

ಡಿಸೆಂಬರ್ 10, ಬುಧವಾರ

ಆ ವಾರ ಅವಳು ರಜೆಯಲ್ಲಿದ್ದಳು. ತಂಗಿಯ ಮದುವೆ. ಹೋಗುವ ಮುಂಚೆ, "ಉಳಿದಿದ್ದನ್ನ ನೀವು ಮುಗಿಸಿಬಿಡಿ ಅಕ್ಕ, ಬಂದು ಕಳಿಸ್ತೀನಿ," ಎಂದಿದ್ದಳು. ಮುನ್ನೂರು ಸಾಲು ಉಳಿದಿದ್ದವು. ನಾನು ಎರಡೇ ದಿನದಲ್ಲಿ ಮುಗಿಸಿದೆ. ಅವಳು ಬಂದ ಮೇಲೆ ಎರಡು ಭಾಗಗಳನ್ನು ಸೇರಿಸಿ ತನ್ನ ಹೆಸರಿನಲ್ಲಿ ಕಳಿಸಿದಳು.

ಮುನ್ನೂರರಲ್ಲಿ ಒಂದು ಸಾಲು. ಯಾರಿಗೆ ನೆನಪಿರುತ್ತದೆ? ಕಳಿಸುವ ಮುಂಚೆ ಅವಳು ಒಮ್ಮೆ ನೋಡಬೇಕಿತ್ತು. ನೋಡಲಿಲ್ಲ. ನಾನು ಮಾಡಿದ್ದೆನಲ್ಲ, ಅದಕ್ಕೇ ನೋಡಿರಲಿಕ್ಕಿಲ್ಲ.

ಹೊಸ ಪಟ್ಟಿಯಲ್ಲಿ ಸರಿಮಾಡಿದರೆ ಸಾಕು. ಹಳೆಯದನ್ನು ಇನ್ನು ಯಾರೂ ತೆರೆಯುವುದಿಲ್ಲ. ಷರಾ ಅಳಿಸುವುದಕ್ಕೆ ಒಂದು ಗುಂಡಿ ಒತ್ತಿದರೆ ಆಯಿತು. ಇವತ್ತು ಅದನ್ನು ಎರಡು ಸಲ ತೆರೆದೆ, ಎರಡು ಸಲ ಮುಚ್ಚಿದೆ.

ಡಿಸೆಂಬರ್ 13, ಶನಿವಾರ

ಆಫೀಸಿಗೆ ರಜೆ. ಆದರೂ ಪಾಳ್ಯಕ್ಕೆ ಹೋದೆ. ಪುರಸಭೆಯ ಕಡೆ ಎಷ್ಟು ಮನೆ, ಪಾಲಿಕೆಯ ಕಡೆ ಎಷ್ಟು ಮನೆ ಎಂದು ಎಣಿಸುತ್ತಾ ಬೀದಿ ಬೀದಿ ತಿರುಗಿದೆ. ಮುನಿವೆಂಕಟಯ್ಯ ಜೊತೆಗೇ ಬಂದರು. ಪ್ರತಿ ಮನೆಯ ಮುಂದೂ ನಿಂತು ಯಾರ ಮನೆ, ಎಷ್ಟು ಜನ ಎಂದು ಹೇಳಿದರು. ಬಾಡಿಗೆಗೆ ಬಂದ ಬಿಹಾರದವರ ಹೆಸರುಗಳೂ ಅವರಿಗೆ ಗೊತ್ತು. ಒಟ್ಟು ಇನ್ನೂರ ಹದಿನಾಲ್ಕು ಮನೆ.

ಧನಲಕ್ಷ್ಮಿ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಬೇಡ ಎನ್ನಲಿಲ್ಲ. ತಟ್ಟೆಯ ಮುಂದೆ ಕೂತಿದ್ದಾಗ ಅವಳೇ ಕೇಳಿದಳು.

"ಜಾಗ ಅಳ್ಕೊಂಡೋದೋರು ಯಾಕ್ ಮತ್ತೆ ಬರ್ಲಿಲ್ಲ ಅಂತ ನಿಮಗೇನಾದ್ರೂ ಗೊತ್ತಾ?"

"ಪಟ್ಟೀಲಿ ನಿಮ್ಮೂರು ಬಿಟ್ಟುಹೋಗಿತ್ತು."

"ಯಾರ್ ಬಿಟ್ಟಿದ್ದು?" ಎಂದರು ಮುನಿವೆಂಕಟಯ್ಯ.

"ನಾನೇ ತಾತ."

ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ. ಧನಲಕ್ಷ್ಮಿ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಮುನಿವೆಂಕಟಯ್ಯ ಒಂದು ತುತ್ತು ನುಂಗಿ ಕೇಳಿದರು.

"ಈಗ ಬರ್ಕೊಂಡ್ಯಾ?"

"ಬರ್ಕೊಂಡೆ."

"ಊಟ ಮಾಡು, ಆರೋಗ್ತೈತೆ."

ಧನಲಕ್ಷ್ಮಿ ಒಳಗೆ ಹೋದವಳು ನಾನು ಹೊರಡುವ ತನಕ ಹೊರಗೆ ಬರಲಿಲ್ಲ. ತಟ್ಟೆಯನ್ನು ನಾನೇ ತೊಳೆದಿಟ್ಟೆ.

ಡಿಸೆಂಬರ್ 16, ಮಂಗಳವಾರ

ಜಯಸಿಂಹ ಸರ್‌ಗೆ ಕಡತ ತೋರಿಸಿದೆ. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು.

"ಹಳೇ ವಿಷಯ ಚಿತ್ರಾ. ಫೈಲ್ ಕ್ಲೋಸ್ ಆಗಿದೆ. ಈಗ ಹೊಸದನ್ನ ಸರಿಯಾಗಿ ಕೊಟ್ರೆ ಆಯ್ತಲ್ಲ."

"ಊರು ಸರಿಹೋಗುತ್ತೆ ಸರ್. ರುಖ್ಸಾರ್ ಹೆಸರು ಸರಿಹೋಗಲ್ಲ."

"ಅವರು ಹೋಗಿ ಎರಡು ವರ್ಷ ಆಯ್ತು."

"ಪಟ್ಟಿ ಜೊತೆ ಟ್ರಸ್ಟ್‌ಗೆ ಒಂದು ಪತ್ರ ಹಾಕ್ತೀನಿ ಸರ್. ಆ ತಪ್ಪು ನಂದು ಅಂತ."

ಬಹಳ ಹೊತ್ತು ಪೆನ್ನನ್ನು ಮೇಜಿನ ಮೇಲೆ ಉರುಳಿಸುತ್ತಿದ್ದರು. "ಹಾಕಿದ್ರೆ ಮಾರ್ಚ್ ಆದಮೇಲೆ ನಿಮ್ಮ ಕಾಂಟ್ರಾಕ್ಟ್ ಮುಂದುವರಿಸಿ ಅಂತ ನಾನು ಕೇಳೋಕಾಗಲ್ಲ. ಯೋಚನೆ ಮಾಡಿ. ನಿಮಗೂ ಬೇರೆ ಯಾರಿದ್ದಾರೆ ನೋಡ್ಕೊಳ್ಳೋಕೆ?" ಬೆದರಿಸುವ ದನಿಯಲ್ಲಿ ಹೇಳಲಿಲ್ಲ. ಅವರ ಮಟ್ಟಿಗೆ ಅದು ಕಾಳಜಿಯೇ.

ಇಲ್ಲಿ ಬರೆಯದೆ ಬಿಟ್ಟಿರುವುದು ಒಂದಿದೆ. ಅವತ್ತು ಸಭೆಯಲ್ಲಿ ಮುತ್ತರಾಯನಪಾಳ್ಯದ ಹೆಸರು ಬಂದಾಗಲೇ ನನಗೆ ಅನುಮಾನ ಬಂದಿತ್ತು. ರುಖ್ಸಾರ್ ನನ್ನ ಕಡೆ ತಿರುಗಿ ನೋಡಿದಳು, ನನಗೇನಾದರೂ ನೆನಪಿದೆಯೇ ಎಂದು ಕೇಳುವ ಹಾಗೆ. ನಾನು ತಲೆ ತಗ್ಗಿಸಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತೆ. ಆಮೇಲೆ ಎರಡು ವರ್ಷ ಆ ಕಡತವನ್ನು ಹುಡುಕುವ ಗೋಜಿಗೇ ಹೋಗಲಿಲ್ಲ.

ಡಿಸೆಂಬರ್ 21, ಭಾನುವಾರ

ಆರ್.ಟಿ. ನಗರಕ್ಕೆ ಹೋಗಿ ಬಂದೆ.

ಮುಂಚೆ ಹಬ್ಬಕ್ಕೆ ಹೋಗುತ್ತಿದ್ದ ಮನೆಯೇ. ಬಾಗಿಲಿನಲ್ಲಿ ಮಕ್ಕಳ ಚಪ್ಪಲಿಗಳು, ಹದಿನೈದು ಇಪ್ಪತ್ತು ಜೊತೆ. ರುಖ್ಸಾರ್ ಈಗ ಮನೆಯಲ್ಲಿ ಟ್ಯೂಷನ್ ಹೇಳುತ್ತಾಳೆ. ನನ್ನನ್ನು ನೋಡಿ ಎದ್ದು ನಿಂತಳು.

"ಬನ್ನಿ ಮೇಡಂ. ಹತ್ತು ನಿಮಿಷ ಕೂತಿರಿ."

ಅಕ್ಕ ಎನ್ನುತ್ತಿದ್ದವಳು. ಮೂಲೆಯ ಕುರ್ಚಿಯಲ್ಲಿ ಕೂತು ನೋಡಿದೆ. ಒಬ್ಬ ಹುಡುಗಿ ಭಾಗಾಕಾರ ಮಾಡಿ ತೋರಿಸಿದಳು. ಸರಿಯಾಗಿಯೇ ಇತ್ತು. "ಇನ್ನೊಂದ್ಸಲ ಮಾಡು," ಎಂದಳು ರುಖ್ಸಾರ್. ಆ ಹುಡುಗಿ ಮಾಡಿದಳು. "ಈಗ ತಿರುಗಿಸಿ ಗುಣಿಸಿ ನೋಡು." ಅದನ್ನೂ ಮಾಡಿದಳು. ರುಖ್ಸಾರ್ ತಾನೂ ಪಕ್ಕದ ಹಾಳೆಯಲ್ಲಿ ಮಾಡಿ ನೋಡಿ, ಆಮೇಲೆ ಗುರುತು ಹಾಕಿದಳು.

ಮಕ್ಕಳಿಗೆ ಬರೆಯಲು ಕೊಟ್ಟು ಅಡುಗೆಮನೆಗೆ ಕರೆದಳು. ಚಹಾಕ್ಕೆ ಇಟ್ಟಳು. ನಾನು ಟ್ರಸ್ಟ್‌ಗೆ ಬರೆದಿಟ್ಟಿದ್ದ ಪತ್ರವನ್ನೂ ಹೊಸ ಪಟ್ಟಿಯ ಪ್ರತಿಯನ್ನೂ ಕೈಗೆ ಕೊಟ್ಟೆ. ಅವಳು ಪತ್ರವನ್ನು ಒಲೆಯ ಪಕ್ಕದಲ್ಲಿ ನಿಂತೇ ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಚಹಾ ಉಕ್ಕಿತು. ನಾನೇ ಒಲೆ ಆರಿಸಿದೆ.

"ನಾನು ನಂದೇ ಅಂದ್ಕೊಂಡಿದ್ದೆ," ಎಂದಳು.

ಉಕ್ಕಿದ ಚಹಾವನ್ನು ಬಟ್ಟೆಯಿಂದ ಒರೆಸಿದೆ.

"ಎರಡು ಕಡೆ ಕೆಲಸಕ್ಕೆ ಕರೆದ್ರು. ಹೋಗ್ಲಿಲ್ಲ. ಇನ್ಯಾವ ಊರು ನನ್ನ ಕೈಯಿಂದ ತಪ್ಪಿಹೋಗುತ್ತೋ ಅಂತ. ಮನೆಗೆ ಬೀಗ ಹಾಕಿ ಬೀದಿ ತಿರುವಿನ ತನಕ ಹೋಗಿ ವಾಪಸ್ ಬಂದು ನೋಡ್ತೀನಿ, ಹಾಕಿದ್ನಾ ಇಲ್ವಾ ಅಂತ. ಮೊದಲು ಹೀಗಿರಲಿಲ್ಲ ನಾನು. ನಿಮಗೆ ಗೊತ್ತು."

"ಗೊತ್ತು."

"ಅವತ್ತೇ ಗೊತ್ತಿತ್ತಾ ನಿಮಗೆ?"

"ಅನುಮಾನ ಇತ್ತು."

"ನಾನು ನಿಮ್ಮ ಮುಖ ನೋಡಿದ್ದೆ."

"ಹೂಂ. ನೀನು ನೋಡಿದ್ದೆ. ನಾನು ತಲೆ ತಗ್ಗಿಸಿದೆ."

ಒಳಗೆ ಮಕ್ಕಳ ಗಲಾಟೆ ಶುರುವಾಗಿತ್ತು. ಅವಳು ಒಂದು ಲೋಟಕ್ಕೆ ಮಾತ್ರ ಚಹಾ ಬಗ್ಗಿಸಿ ನನ್ನ ಮುಂದಿಟ್ಟಳು. "ಕುಡಿದು ಹೊರಡಿ ಮೇಡಂ. ಮಕ್ಕಳು ಕಾಯ್ತಿದ್ದಾರೆ."

ಕ್ಷಮಿಸು ಎಂದೆ. ಅದನ್ನು ಬಾಗಿಲಲ್ಲಿ, ಅವಳ ಬೆನ್ನಿಗೆ ಹೇಳಿದ ಹಾಗಾಯಿತು. ಕೇಳಿಸಿತೋ ಇಲ್ಲವೋ.

ಬಸ್ಸು ಹತ್ತಲಿಲ್ಲ. ಗಂಗಾನಗರ ದಾಟಿ ಹೆಬ್ಬಾಳದ ತನಕ ನಡೆದೇ ಬಂದೆ.

ಡಿಸೆಂಬರ್ 25, ಗುರುವಾರ

ರಜೆ. ಬರೆಯುವುದಕ್ಕೆ ಏನೂ ಇಲ್ಲ. ಸುಬ್ಬಲಕ್ಷ್ಮಮ್ಮ ಮಾತ್ರೆಯ ಚೀಟಿ ಓದಿಕೊಡಿ ಎಂದು ಕೂಗಿದರು. ಹೋದವಳು ಒಂದೂವರೆ ಗಂಟೆ ಕೂತಿದ್ದೆ. ಅವರ ತವರು ಬಾಗಲೂರಂತೆ. ಆರು ವರ್ಷ ಅವರ ತಲೆಯ ಮೇಲೆ ಓಡಾಡಿದ್ದೇನೆ, ಇವತ್ತು ಗೊತ್ತಾಯಿತು. ಬರುವಾಗ ಹುಳಿ ಕೊಟ್ಟರು. ಪಾತ್ರೆಯನ್ನು ಬರಿದಾಗಿ ಕೊಡಬಾರದು, ನಾಳೆ ಏನಾದರೂ ಮಾಡಬೇಕು.

ಜನವರಿ 2, 2026, ಶುಕ್ರವಾರ

ಪಟ್ಟಿ ಕಳಿಸಿದೆ. ಪತ್ರವನ್ನೂ ಕಳಿಸಿದೆ. ಜಯಸಿಂಹ ಸರ್ ತಡೆಯಲಿಲ್ಲ. ಪತ್ರದ ಕೆಳಗೆ ತಮ್ಮ ಸಹಿಯನ್ನೂ ಹಾಕಲಿಲ್ಲ. ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು, "ಅವತ್ತು ಸಭೆಯಲ್ಲಿ ನಾನೂ ಸ್ವಲ್ಪ ತಾಳ್ಮೆಯಿಂದ ಕೇಳಬೇಕಿತ್ತು," ಎಂದು ಹೇಳಿ ಹೋದರು. ಮಾರ್ಚ್ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಜನವರಿ 7, ಬುಧವಾರ

ಟ್ರಸ್ಟ್‌ನಿಂದ ಉತ್ತರ ಬಂತು. ಮೂರು ಸಾಲು. ಮುತ್ತರಾಯನಪಾಳ್ಯವನ್ನು ಮುಂದಿನ ಸುತ್ತಿನಲ್ಲಿ ಪರಿಗಣಿಸುತ್ತಾರಂತೆ. ಮುಂದಿನ ಸುತ್ತು ಜೂನ್‌ನಲ್ಲಿ. ಧನಲಕ್ಷ್ಮಿಗೆ ದಿನ ತುಂಬುವುದು ಫೆಬ್ರವರಿಯಲ್ಲಿ.

ಸಂಜೆ ಹೋಗಿ ಹೇಳಿದೆ. ಬಯ್ಯಲಿ ಎಂದುಕೊಂಡೇ ಹೋಗಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು, "ಇದಾದ್ರೂ ಬಂದು ಏಳಿದ್ರಲ್ಲ," ಎಂದಳು. ಆಸ್ಪತ್ರೆಗೆ ಜಾಲಹಳ್ಳಿಯ ಕಡೆಯಿಂದ ಹೋದರೆ ರೈಲ್ವೆ ಗೇಟು ಸಿಗುವುದಿಲ್ಲ. ಸುತ್ತು ದಾರಿ, ಆದರೆ ನಿಲ್ಲಬೇಕಾಗಿಲ್ಲ. ನಕ್ಷೆಯಲ್ಲಿ ತೋರಿಸಿದೆ. ಆಟೋದವನೊಬ್ಬನನ್ನು ಗೊತ್ತು ಮಾಡಿ, ಅವನನ್ನು ಕರೆದುಕೊಂಡು ಆ ದಾರಿಯಲ್ಲಿ ಒಮ್ಮೆ ಹೋಗಿ ಬಂದೆವು. ಇಪ್ಪತ್ತಾರು ನಿಮಿಷ. ಧನಲಕ್ಷ್ಮಿ ನನ್ನ ಫೋನ್ ನಂಬರ್ ಬರೆದುಕೊಂಡಳು. ಹೆಸರಿನ ಜಾಗದಲ್ಲಿ "ಪಟ್ಟಿ ಮೇಡಂ" ಎಂದು ಹಾಕಿದಳು.

ಜನವರಿ 9, ಶುಕ್ರವಾರ

ಮಧ್ಯಾಹ್ನ ಡಬ್ಬಿ ತೆರೆಯುವಾಗ ಫೋನ್ ಬಂತು. ರುಖ್ಸಾರ್. ಹೇಗಿದ್ದೀರಿ ಎನ್ನಲಿಲ್ಲ.

"ಆ ಪಟ್ಟೀಲಿ ಹದಿನೇಳನೇ ಸಾಲು ನೋಡಿ. ಊರನ್ನ ಎರಡು ವಾರ್ಡಿಗೆ ಹಂಚಿದ್ದೀರಲ್ಲ, ಹೇಗೆ ಹಂಚಿದ್ರಿ?"

"ಜಮೀನಿನ ಅಳತೆ ಮೇಲೆ. ಮುಕ್ಕಾಲು ಜಮೀನು ಆ ಕಡೆ ಹೋಯ್ತು, ಅದಕ್ಕೆ ಮುಕ್ಕಾಲು ಜನ ಆ ಕಡೆ."

"ಆ ಕಡೆ ಇರೋದು ಬಂಡೆ ಕ್ವಾರಿ. ಕ್ವಾರಿ ಒಳಗೆ ಯಾರು ಸಂಸಾರ ಮಾಡ್ತಾರೆ?"

ನಕ್ಷೆ ತೆರೆದು ನೋಡಿದೆ. ನಾನೂರ ಆರು ಜನರನ್ನು ಕ್ವಾರಿಯ ಗುಂಡಿಯೊಳಗೆ ಇಟ್ಟಿದ್ದೆ.

"ಹೌದು," ಎಂದೆ. "ನೀನು ಹೇಳಿದ್ದು ಸರಿ."

"ಸರೀನಾ? ಇನ್ನೊಂದ್ಸಲ ನೋಡಿ ಹೇಳಿ."

"ನೋಡಿದೆ. ಸರಿ ಇದೆ."

ಆಮೇಲೆ ಹಾಳೆ ತಿರುಗಿಸುವ ಸದ್ದು. "ನಾನು ಈಗಿನ್ನೂ ಎರಡನೇ ಪುಟದಲ್ಲಿದ್ದೀನಿ," ಎಂದು ಹೇಳಿ ಇಟ್ಟುಬಿಟ್ಟಳು.

ಟ್ರಸ್ಟ್‌ಗೆ ಮತ್ತೊಂದು ತಿದ್ದುಪಡಿ ಪತ್ರ ಬರೆಯಬೇಕು. ಜಯಸಿಂಹ ಸರ್ ಮುಖ ಹೇಗಾಗುತ್ತದೋ ನೋಡಬೇಕು. ಪಟ್ಟಿ ನಲವತ್ತೊಂದು ಪುಟ ಇದೆ.